ಹಲ್ಲಿ ಒಪ್ಪದ ಬಟ್ಟೆ

ಊರವರ ಜಮೀನಿನ ಗಡಿ ಅಳೆದೇ ಆಯಸ್ಸು ಸವೆಸಿದ ಶಿವರಾಜುವಿಗೆ ಸ್ವಂತ ಮನೆಯಲ್ಲಿ ಕಾಲು ನೀಡಲು ಜಾಗವಿರಲಿಲ್ಲ. ಹಣೆಬರಹ ಎಂದು ಬೇರೆಯವರು ಹೇಳಿಯಾರು. ಶಿವರಾಜು ಮಾತ್ರ ಅದನ್ನು ಒತ್ತುವರಿ ಎಂದೇ ಕರೆಯುತ್ತಿದ್ದ. ಸರ್ವೆ ಕಚೇರಿಯಲ್ಲಿ ಸರಪಳಿ ಎಳೆಯುವ ಕೆಲಸಕ್ಕೆ ಸೇರಿ, ಅದೇ ಸರಪಳಿ ಎಳೆಯುತ್ತಲೇ ನಿವೃತ್ತನಾದವನು ಅವನು. ಆದರೆ ನಂಜನಗೂಡಿನ ತನ್ನ ಬೀದಿಯಲ್ಲಿ ಸರ್ವೇಯರ್ ಆಗಿದ್ದೆನೆಂದು ಹೇಳಿಕೊಂಡಿದ್ದ. ಬೀದಿಯವರೂ ಹೋಗಲಿ ಪಾಪ ಎಂದು ಒಪ್ಪಿಕೊಂಡಿದ್ದರು.

ಒತ್ತುವರಿ ಮಾಡಿದ್ದು ಅವನ ಹೆಂಡತಿ ಮುದ್ದಮ್ಮ. ಮುದ್ದಮ್ಮ ಕೌದಿ ಹೊಲಿಯುತ್ತಿದ್ದಳು. ಹಳೇ ಸೀರೆ, ಹಳೇ ಪಂಚೆ ಕತ್ತರಿಸಿ, ಪದರದ ಮೇಲೆ ಪದರ ಇಟ್ಟು ಅವಳು ಸೂಜಿ ಓಡಿಸಿದರೆ ಆ ಕೌದಿ ಮೊಮ್ಮಕ್ಕಳ ಕಾಲದವರೆಗೂ ಬಾಳುತ್ತಿತ್ತು. ಸತ್ತವರ ಬಟ್ಟೆಯನ್ನು ಮನೆಯಲ್ಲಿಟ್ಟುಕೊಳ್ಳಲು ಹೆದರುವವರು, ಹೊಳೆಗೆ ಬಿಡಲು ಮನಸ್ಸು ಬಾರದವರು, ಎಲ್ಲರೂ ಗಂಟು ಕಟ್ಟಿಕೊಂಡು ಅವಳ ಬಾಗಿಲಿಗೇ ಬರುತ್ತಿದ್ದರು. "ನಮ್ಮವ್ವನ ಸೀರೆ ಕಣ್ ಮುದ್ದಕ್ಕ. ಒಂದು ಕೌದಿ ಮಾಡ್ಕೊಡು. ಒದ್ಕಂಡ್ರೆ ಅವ್ವನೇ ತಬ್ಕಂಡಂಗಾಯ್ತದೆ" ಎಂದು ಕಣ್ಣೊರೆಸಿಕೊಂಡು ಹೋಗುತ್ತಿದ್ದರು.

ತಂದದ್ದನ್ನೆಲ್ಲ ಹೊಲಿದು ಕೊಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಮುದ್ದಮ್ಮನಿಗೆ ಎರಡು ಕಾಯಿದೆಗಳಿದ್ದವು. ಬದುಕಿರುವವರ ಬಟ್ಟೆಗೆ ಕತ್ತರಿ ಹಾಕಬಾರದು, ಹಾಕಿದರೆ ಅವರ ಆಯಸ್ಸಿಗೇ ಕತ್ತರಿ ಬೀಳುತ್ತದೆ. ಸತ್ತವರ ಬಟ್ಟೆಗೆ ಹಾಕಬಹುದು, ಆದರೆ ಅವರನ್ನು ಕೇಳಿ ಹಾಕಬೇಕು. ಅದಕ್ಕೆ ಸೀರೆಯನ್ನು ನೆಲದ ಮೇಲೆ ಹಾಸಿ, ಅದರ ಮೇಲೆ ಕತ್ತರಿ ಇಟ್ಟು, "ಕತ್ತರಿಸ್ಲಾ ತಾಯಿ?" ಎಂದು ಕೇಳುವಳು. ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿದರೆ ಒಪ್ಪಿದ ಹಾಗೆ. ಲೊಚಗುಟ್ಟದಿದ್ದರೆ ಮಡಚಿ ಒಳಗಿಡುವಳು.

ಆ ಮನೆಯ ಹಲ್ಲಿಯೋ, ಮಹಾ ಜಿಪುಣ. ಕಡತದ ಮೇಲೆ ಕುಳಿತ ಶಿರಸ್ತೇದಾರರ ಹಾಗೆ ಕುಳಿತಿರುತ್ತಿತ್ತು, ಸಹಿ ಹಾಕುತ್ತಿರಲಿಲ್ಲ. ಹೀಗಾಗಿ ಒಪ್ಪದವರ ಬಟ್ಟೆ ಮೊದಲು ಪೆಟ್ಟಿಗೆ ತುಂಬಿತು, ಆಮೇಲೆ ಅಟ್ಟ ತುಂಬಿತು, ಕಡೆಗೆ ನಡುಮನೆಯ ಪಕ್ಕದ ಕೋಣೆ ಸೂರಿನ ತನಕ ತುಂಬಿತು.

ಆ ಕೋಣೆಗೆ ಹೋಗಲು ಶಿವರಾಜು ಹಗಲಲ್ಲೂ ಹೆದರುತ್ತಿದ್ದ. ಒಂದು ಮೂಲೆಯಲ್ಲಿ ನಶ್ಯದ ವಾಸನೆ, ಇನ್ನೊಂದು ಮೂಲೆಯಲ್ಲಿ ಎಲೆ ಅಡಿಕೆಯ ವಾಸನೆ, ಮತ್ತೊಂದು ಕಡೆ ಸೊಂಟನೋವಿನ ಎಣ್ಣೆಯ ವಾಸನೆ. ಬೀದಿಯ ಸತ್ತ ಮುದುಕಿಯರೆಲ್ಲ ಅಲ್ಲೇ ಸಾಲಾಗಿ ಮಲಗಿದ್ದಾರೇನೋ ಅನ್ನಿಸುತ್ತಿತ್ತು. ಮಧ್ಯಾಹ್ನ ಮನೆ ನಿಶ್ಶಬ್ದವಾದಾಗ ಒಳಗೆ ಸರ್ರ್ ಎಂದು ಬಟ್ಟೆ ಜಾರುವ ಸದ್ದು ಕೇಳುತ್ತಿತ್ತು. ಯಾರೋ ನಿದ್ದೆಯಲ್ಲಿ ಮಗ್ಗುಲಾದರು ಎಂದುಕೊಂಡು ಅವನು ಜಗಲಿಗೆ ಹೋಗಿ ಕೂರುತ್ತಿದ್ದ.

ಒಂದು ದಿನ ಧೈರ್ಯ ಮಾಡಿ ಕೋಣೆಯ ಹೊಸ್ತಿಲ ಈಚೆ ಸೀಮೆಸುಣ್ಣದಲ್ಲಿ ಗೆರೆ ಎಳೆದ. "ಇದು ಹದ್ದು. ಇದ್ರಿಂದ ಈಚ್ಗೆ ಒಂದ್ ದಾರನೂ ಬರಂಗಿಲ್ಲ" ಎಂದು ಸರ್ವೇಯರ್ ಗತ್ತಿನಲ್ಲಿ ಹೇಳಿದ. ಬೆಳಿಗ್ಗೆ ಎದ್ದು ನೋಡಿದರೆ ಬಾಗಿಲು ಹಾಕಿದ ಹಾಗೇ ಇದೆ. ಆದರೆ ಬಾಗಿಲಡಿಯಿಂದ ಒಂದು ನೀಲಿ ಸೆರಗು ಈಚೆ ಬಂದು ಗೆರೆ ದಾಟಿ ಮಲಗಿದೆ. ಮುದ್ದಮ್ಮನನ್ನು ಕೇಳಿದ.

"ನಾನ್ಯಾಕ್ ಮುಟ್ಲಿ? ಅದು ಮೊದಲನೇ ಬೀದಿ ಪುಟ್ಟತಾಯಮ್ಮಂದು. ಬದ್ಕಿದ್ದಾಗ್ಲೂ ಅವ್ಳು ಒಂದ್ ಕಡೆ ಇದ್ದೋಳಲ್ಲ" ಎಂದಳು ಅವಳು, ಅವರೆಕಾಯಿ ಸುಲಿಯುತ್ತ.

ಶಿವರಾಜು ಗೆರೆಯನ್ನು ಒರೆಸಿ ಇನ್ನಷ್ಟು ಈಚೆಗೆ ಎಳೆದ. ಕಚೇರಿಯಲ್ಲೂ ಅಷ್ಟೇ, ಬೇಲಿ ದಾಟಿದವನು ಗಟ್ಟಿಗನಾದರೆ ಬೇಲಿಯನ್ನೇ ಸರಿಸುತ್ತಿದ್ದರು.

ಹೀಗೇ ಸರಿದುಕೊಂಡು ಹೋಗುತ್ತಿತ್ತೇನೋ. ಆದರೆ ಮಗಳು ಶ್ವೇತ ಚೊಚ್ಚಲ ಬಸುರಿ. ಬುಧವಾರ ತವರಿಗೆ ಬರುವವಳಿದ್ದಳು. ಬಾಣಂತಿಗೆ ಗಾಳಿ ಬೆಳಕಿನ ಕೋಣೆ ಬೇಕು, ಇರುವುದು ಅದೊಂದೇ. ಅವಳ ಅತ್ತೆ ಒಮ್ಮೆ ಬಂದು ಕೋಣೆಗೆ ಇಣುಕಿ, ಮೂಗು ಮುಚ್ಚಿಕೊಂಡು, "ಈ ಗೋಡೌನ್‌ನಲ್ಲಿ ಬಾಣಂತನ ಮಾಡ್ತೀರಾ ಬೀಗರೇ? ಬುಧವಾರದೊಳಗೆ ಖಾಲಿ ಆಗದಿದ್ರೆ ಮಗು ನಮ್ಮನೇಲೇ ಹುಟ್ಲಿ ಬಿಡಿ" ಎಂದುಬಿಟ್ಟಿದ್ದಳು. ಮೊದಲ ಮೊಮ್ಮಗು ತನ್ನ ಸೂರಿನಡಿ ಅಳಬೇಕು ಎಂಬುದೊಂದೇ ಶಿವರಾಜುವಿಗಿದ್ದ ಆಸೆ.

"ಎಷ್ಟಾದ್ರೆ ಸಾಕು ಅಂತೀಯಾ ನೀನು?" ಎಂದು ಹೆಂಡತಿಯನ್ನು ಕೇಳಿದ.

"ಸಾಯೋರು ನಿಲ್ಸುದ್ರೆ ಸಾಕಾಯ್ತದೆ" ಎಂದಳು ಮುದ್ದಮ್ಮ. ಅಷ್ಟೇ ಅಲ್ಲ, ಹುಟ್ಟುವ ಮಗುವಿನ ಕೌದಿಯೇ ಇನ್ನೂ ಆಗಿಲ್ಲವೆಂಬ ಚಿಂತೆ ಅವಳದು. ಎಳೇ ಮೈಗೆ ಹೊಸ ಬಟ್ಟೆ ಸೋಕಿಸಬಾರದು, ಹಳೇ ಬಟ್ಟೆಯ ಕೌದಿಯೇ ಆಗಬೇಕು, ಅದರ ನಡುವೆ ಅಜ್ಜಿಯ ಧಾರೆ ಸೀರೆಯ ತುಂಡಿರಬೇಕು. "ನನ್ನ ಧಾರೆ ಸೀರೆಗೆ ಕತ್ತರಿ ಹಾಕಾನ ಅಂದ್ರೆ ನಾನಿನ್ನೂ ಸತ್ತಿಲ್ವಲ್ಲ" ಎಂದು ನಿಟ್ಟುಸಿರು ಬಿಟ್ಟಳು.

ಶಿವರಾಜು ತನ್ನ ದಾರಿ ಹಿಡಿದ. ಮೊದಲು ಒಂದು ಗಂಟನ್ನು ಕಸದ ಗಾಡಿಗೆ ಹಾಕಿದ. ಗಾಡಿ ಬೀದಿ ದಾಟುವುದರೊಳಗೆ ಎದುರುಮನೆ ನಾಗರತ್ನ ಅದನ್ನು ಇಳಿಸಿಕೊಂಡು ಓಡಿ ಬಂದಳು. "ಅಯ್ಯೋ ಶಿವರಾಜಣ್ಣ, ಮುದ್ದಕ್ಕನ ಬಟ್ಟೆ ಕಸಕ್ಕೆ ಬಿದ್ದೋಗಿತ್ತು ನೋಡಿ, ಸದ್ಯ ನಾನ್ ನೋಡ್ದೆ!" ಎಂದು ಅವನ ಕೈಗೇ ಕೊಟ್ಟಳು. ಊರ ಕಪಿಲೆಗೆ ಬಿಡೋಣವೆಂದರೆ ಸ್ನಾನಘಟ್ಟದಲ್ಲಿ ಗುರುತಿನವರದೇ ಜಾತ್ರೆ. ಕಡೆಗೆ ತಿರುಮಕೂಡಲು ನರಸೀಪುರದ ಸಂಗಮವೇ ಸರಿ, ಅಲ್ಲಿ ತನ್ನನ್ನು ಯಾರು ಬಲ್ಲರು ಎಂದು ತೀರ್ಮಾನಿಸಿದ. ಹೆಂಡತಿಯ ತವರು ನರಸೀಪುರದ ಪಕ್ಕದಲ್ಲೇ ಇದೆಯೆಂಬುದು ಅವನ ಅಳತೆಗೆ ಬರಲಿಲ್ಲ.

ಶನಿವಾರ ಬೆಳಿಗ್ಗೆ ಮುದ್ದಮ್ಮ ಕೆನ್ನೆ ಹಿಡಿದುಕೊಂಡು ಬಾಗಿಲಲ್ಲಿ ನಿಂತು ಏನೋ ಹೇಳಿ ಹೊರಟಳು. ಶಿವರಾಜು "ಹೂಂ ಹೂಂ" ಎಂದ. ಏನು ಹೇಳಿದಳೆಂದು ಅವನು ಕೇಳಿಸಿಕೊಳ್ಳಲೇ ಇಲ್ಲ. ಅವಳು ತಿರುವು ದಾಟಿದ್ದೇ ತಡ, ಕಣ್ಣು ಮುಚ್ಚಿಕೊಂಡು ಕೋಣೆಗೆ ನುಗ್ಗಿ, ಕೈಗೆ ಸಿಕ್ಕಿದ್ದನ್ನು ಬಾಚಿ ಗಂಟು ಕಟ್ಟಿ ಬಸ್ಸು ಹತ್ತಿದ.

ಸಂಗಮದ ಮೆಟ್ಟಿಲ ಮೇಲೆ ಗಂಟು ಬಿಚ್ಚುತ್ತಿದ್ದ ಹಾಗೇ ಪೀಪಿ ಊದಿಕೊಂಡು ಕಾವಲಿನವನೊಬ್ಬ ಬಂದ.

"ಯಾರ್ಲಾ ಅದು? ಬಟ್ಟೆ ಬಿಸಾಕಂಗಿಲ್ಲ ಇಲ್ಲಿ! ಬೋರ್ಡ್ ಕಾಣಕ್ಕಿಲ್ವಾ?"

ಶಿವರಾಜು ತಡವರಿಸಿದ. ಪಕ್ಕದ ಮಂಟಪದಲ್ಲಿ ದರ್ಭೆ ಹಿಡಿದು ಗಿರಾಕಿಗಾಗಿ ಕಾದು ಕುಳಿತಿದ್ದ ಭಟ್ಟರು ಎದ್ದು ಬಂದರು. "ಅವರನ್ನ ಬಿಡಯ್ಯ. ಏನಪ್ಪಾ, ತೀರಿಕೊಂಡವರ ಬಟ್ಟೆಯೇ?"

ಶಿವರಾಜು ಯೋಚಿಸಿ ನೋಡಿದ. ಸುಳ್ಳೇನಲ್ಲ. "ಹೌದು ಸಾಮಿ" ಎಂದ.

"ಯಾರದು?"

"ಮನೆಯೋಳ್ದು."

"ಹೆಸರು?"

"ಮುದ್ದಮ್ಮ."

ಒಂದೊಂದು ಉತ್ತರವೂ ಅಪ್ಪಟ ಸತ್ಯ. ಮೂರೂ ಸೇರಿದಾಗ ಏನಾಯಿತೆಂದು ಆ ಮಹಾನುಭಾವನಿಗೆ ಹೊಳೆಯಲಿಲ್ಲ. ಭಟ್ಟರು ಅವನ ಅಂಗಿ ಬಿಚ್ಚಿಸಿದರು, ಮುಳುಗಿಸಿದರು, ಕೈಗೆ ಎಳ್ಳು ಕೊಟ್ಟರು. ಬಟ್ಟೆ ಬಿಡಲು ಇಷ್ಟೆಲ್ಲ ಶಾಸ್ತ್ರವಿದೆಯಲ್ಲ ಎಂದು ಶಿವರಾಜು ಭಕ್ತಿಯಿಂದ ಎಳ್ಳು ನೀರು ಬಿಟ್ಟ. ಎಲೆಯ ಮೇಲೆ ಅನ್ನದ ಉಂಡೆ ಇಟ್ಟಾದ ಮೇಲೆ ಭಟ್ಟರು ಕನಿಕರದಿಂದ, "ಮುತ್ತೈದೆ ಸಾವು, ಪುಣ್ಯಾತ್ಗಿತ್ತಿ" ಎಂದರು.

ಶಿವರಾಜುವಿಗೆ ಆಗ ಹೊಳೆಯಿತು. ಬಾಯಿ ತೆರೆದ. ಕಾವಲಿನವನು ಪೀಪಿ ಬಾಯಿಗಿಟ್ಟುಕೊಂಡು ಅವನನ್ನೇ ನೋಡುತ್ತಿದ್ದ. ಶಿವರಾಜು ಬಾಯಿ ಮುಚ್ಚಿಕೊಂಡ.

ಕಾಗೆ ಬಂತು. ಎಲೆಯ ಪಕ್ಕದಲ್ಲೇ ಕುಳಿತಿತು, ಅನ್ನ ಮುಟ್ಟಲಿಲ್ಲ. ಕತ್ತು ಓರೆ ಮಾಡಿ ಒಂದೇ ಕಣ್ಣಿನಲ್ಲಿ ಶಿವರಾಜುವನ್ನು ನೋಡತೊಡಗಿತು. ಹೊಳೆಯ ಗಾಳಿ ನಿಂತುಹೋಯಿತು. ಆ ನೋಟ ಅವನಿಗೆ ಗೊತ್ತು. ಸಾರಿಗೆ ಉಪ್ಪು ಕಡಿಮೆ ಎಂದಾಗಲೆಲ್ಲ ಮುದ್ದಮ್ಮ ನೋಡುತ್ತಿದ್ದದ್ದು ಹೀಗೇ.

"ಆಕೆಗೇನೋ ಆಸೆ ಉಳಿದಿದೆಯಪ್ಪ. ಅದನ್ನ ನಡೆಸಿಕೊಡ್ತೀನಿ ಅಂತ ಬಾಯಿಬಿಟ್ಟು ಹೇಳು" ಎಂದರು ಭಟ್ಟರು.

"ಒಡವೆ ಮಾಡುಸ್ತೀನಿ" ಎಂದ. ಕಾಗೆ ಅಲುಗಲಿಲ್ಲ. "ಧರ್ಮಸ್ಥಳಕ್ಕೆ ಓಗ್ಬರಾನ" ಎಂದ. ಕಾಗೆ ರೆಕ್ಕೆಯನ್ನೂ ಕೊಡವಲಿಲ್ಲ. ಕಡೆಗೆ ಶಿವರಾಜು, "ನಿನ್ ಬಟ್ಟೆ ಇನ್ಮೇಲೆ ಮುಟ್ಟಕ್ಕಿಲ್ಲ ಕಣಮ್ಮಿ! ಆ ಕೋಣೆ ನಿಂದೇ! ನನ್ನಪ್ಪನಾಣೆ!" ಎಂದು ಕೈಮುಗಿದ. ಕಾಗೆ ಗಬಕ್ಕನೆ ಉಂಡೆ ಕಚ್ಚಿಕೊಂಡು ಹಾರಿತು.

"ತೃಪ್ತಿಯಾಯ್ತು" ಎಂದರು ಭಟ್ಟರು. ಕಾವಲಿನವನೂ ಕಣ್ಣೊರೆಸಿಕೊಂಡ. ಇಬ್ಬರೂ ಸೇರಿ ಗಂಟನ್ನು ನೀರಿಗೆ ಬಿಡಿಸಿದರು. ಗಂಟಿನ ಮೇಲೆ ಬಿಚ್ಚಿಟ್ಟಿದ್ದ ಅಂಗಿಯೂ, ಅದರ ಜೇಬಿನಲ್ಲಿದ್ದ ಮೊಬೈಲೂ ಜೊತೆಗೇ ಹೋದವು. ಅದಕ್ಕೆ ಚಿಂತಿಸುವ ಸ್ಥಿತಿಯಲ್ಲಿ ಅವನಿರಲಿಲ್ಲ. ನೀರಿನ ನಡುವೆ ಒಂದು ಕೆಂಪಂಚಿನ ಸೀರೆ ಬಿಚ್ಚಿಕೊಂಡಿತ್ತು. ಎರಡು ಹೊಳೆ ಕೂಡುವ ಕಡೆ ಅದು ಗಾಳಿ ತುಂಬಿಕೊಂಡು ನಿಂತಿತು, ಸೊಂಟದ ತನಕ ನೀರಿಗಿಳಿದ ಹೆಂಗಸೊಬ್ಬಳು ತಿರುಗಿ ನೋಡಿದ ಹಾಗೆ. ಅದು ಮುದ್ದಮ್ಮನ ಧಾರೆ ಸೀರೆ. ಬಿಸಿಲಿಗೆ ಹರವಿ ಅದೇ ಕೋಣೆಯಲ್ಲಿ ಎತ್ತಿಟ್ಟದ್ದು ಕೈಗೆ ಸಿಕ್ಕಿಬಿಟ್ಟಿತ್ತು. ಶಿವರಾಜು ಒದ್ದೆ ಪಂಚೆಯಲ್ಲೇ ಬಸ್ಸಿಗೆ ಓಡಿದ.

ಮನೆಗೆ ಬಂದಾಗ ಹೊತ್ತು ಮುಳುಗುತ್ತಿತ್ತು, ಕರೆಂಟು ಹೋಗಿತ್ತು. ನಡುಮನೆಯಲ್ಲಿ ಸಣ್ಣಗೆ ದೀಪ ಉರಿಯುತ್ತಿತ್ತು. ದೀಪದ ಪಕ್ಕದಲ್ಲಿ ಮುದ್ದಮ್ಮ ಗೋಡೆಗೆ ಒರಗಿ, ಕಾಲು ಚಾಚಿ ಕೂತಿದ್ದಳು. ಗಲ್ಲದ ಕೆಳಗಿಂದ ನೆತ್ತಿಯವರೆಗೆ ಬಿಳೀ ಬಟ್ಟೆ ಬಿಗಿದು ಕಟ್ಟಿತ್ತು. ತುಟಿಯ ಸಂದಿಯಲ್ಲಿ ಹತ್ತಿ ಕಾಣುತ್ತಿತ್ತು. ಕಣ್ಣು ಮುಚ್ಚಿತ್ತು. ಹೆಣಕ್ಕೆ ಬಾಯಿ ಕಟ್ಟುವುದು ಹಾಗೇ, ಕೂರಿಸುವುದೂ ಹಾಗೇ.

ಅಯ್ಯೋ, ಕೊಂದುಬಿಟ್ಟೆ! ಶಿವರಾಜು ಬಾಗಿಲಲ್ಲೇ ಕುಸಿದ. ಬದುಕಿರುವವಳಿಗೆ ಎಳ್ಳು ನೀರು ಬಿಟ್ಟ ಪಾಪಕ್ಕೆ ಯಮ ಸಾಯಂಕಾಲದವರೆಗೂ ಕಾಯಲಿಲ್ಲ! ಅಷ್ಟರಲ್ಲಿ ಹೆಣ ಒಂದು ಕಣ್ಣು ತೆರೆಯಿತು. ಕಾಗೆಯ ಹಾಗೇ ಕತ್ತು ಓರೆ ಮಾಡಿ ಅವನನ್ನು ನೋಡಿ, ಅಡಿಗೆಮನೆ ಕಡೆಗೆ ಕೈ ತೋರಿಸಿ, "ಮ್ಮ್ಮ್" ಎಂದಿತು.

ನಿಜ ಏನೆಂದರೆ ಮುದ್ದಮ್ಮ ಬೆಳಿಗ್ಗೆ ಹೇಳಿ ಹೋದದ್ದು ದವಡೆ ಹಲ್ಲು ಕೀಳಿಸಿಕೊಂಡು ಬರುತ್ತೇನೆಂದು. ನೋವು ತಾಳದೆ ತಾನೇ ಗಲ್ಲಕ್ಕೆ ಬಟ್ಟೆ ಬಿಗಿದುಕೊಂಡಿದ್ದಳು. "ಮ್ಮ್ಮ್" ಎಂದರೆ ಅನ್ನ ಮುಚ್ಚಿಟ್ಟಿದೆ ಎಂದು ಅರ್ಥ. ಆದರೆ ಶಿವರಾಜುವಿಗೆ ಅದು ಯಮಲೋಕದ ಮಾತಾಗಿಯೇ ಕೇಳಿತು. ಅವಳು ಇದ್ದಾಳೋ, ಹೋಗಿ ಬಂದಿದ್ದಾಳೋ ಎಂದು ತೀರ್ಮಾನವಾಗದೆ ಅವನು ಜಗಲಿಯಲ್ಲೇ ಬೆಳಕು ಹರಿಸಿದ. ಒಳಗಿನ ಕೋಣೆಯಲ್ಲಿ ಬಟ್ಟೆ ಸರ್ರ್ ಎನ್ನುತ್ತಲೇ ಇತ್ತು.

ಅತ್ತ ಸಂಗಮದಲ್ಲಿ ಹೂ ಮಾರುವವಳು ಮುದ್ದಮ್ಮನ ತವರೂರಿನವಳು. ಎಳ್ಳು ನೀರು ಬಿಟ್ಟದ್ದನ್ನೆಲ್ಲ ಅವಳು ಕಣ್ಣಾರೆ ಕಂಡು, ದಡಕ್ಕೆ ಬಂದ ಸೀರೆಯನ್ನು ಎತ್ತಿಕೊಂಡು ಹೋಗಿ ಮುದ್ದಮ್ಮನ ತಮ್ಮ ನಂಜುಂಡನ ಕೈಗಿಟ್ಟಳು. ನಂಜುಂಡ ಭಾವನಿಗೆ ಫೋನ್ ಮಾಡಿದ. ಭಾವನ ಫೋನು ಕಾವೇರಿಯಲ್ಲಿತ್ತು. ಅಕ್ಕನ ನಂಬರಿಗೆ ಮಾಡಿದ. ಆ ಕಡೆಯಿಂದ ಆಳದಲ್ಲಿ "ಮ್ಮ್ಮ್ಮ್" ಎಂಬ ನರಳಾಟ ಕೇಳಿ, ಫೋನನ್ನು ಹಸುವಿನ ಕಲಗಚ್ಚಿಗೆ ಬೀಳಿಸಿದ.

ಭಾನುವಾರ ಬೆಳಿಗ್ಗೆ ನಂಜುಂಡನ ಟೆಂಪೋ ಬೀದಿಗೆ ನುಗ್ಗಿತು. ತುಂಬ ಹೆಂಗಸರು. ಸತ್ತ ಮಗಳಿಗೆ ತವರಿನವರು ಬರಿಗೈಲಿ ಬರುವ ಹಾಗಿಲ್ಲವಲ್ಲ, ಒಬ್ಬೊಬ್ಬರ ಕೈಲೂ ಒಂದೊಂದು ಸೀರೆ. ನಂಜುಂಡನ ಹೆಗಲ ಮೇಲೆ ಹೊಳೆಯಿಂದ ಬಂದ ಆ ಧಾರೆ ಸೀರೆ.

"ಏನ್ ಭಾವ, ನಾವೇನ್ ಸತ್ತೋಗಿದ್ವಾ?" ಎಂದು ನಂಜುಂಡ ಶಿವರಾಜುವಿನ ಮೇಲೇ ಬಿದ್ದ. "ಅಕ್ಕಯ್ಯನ್ನ ಮಣ್ ಮಾಡಿ, ಕಾರ್ಯನೂ ಮುಗ್ಸಿ, ತವರ್ನೋರ್ಗೆ ಒಂದ್ ಮಾತ್ ಏಳ್ದೇ ಓದ್ಯಲ್ಲಾ! ಮನ್ಸನಾ ನೀನು?"

"ಇಲ್ಲ ಕಣೋ ನಂಜುಂಡ, ಅವ್ಳು ಒಳ್ಗೇ ಅವ್ಳೆ" ಎಂದ ಶಿವರಾಜು.

ಇದಕ್ಕಿಂತ ಕೆಟ್ಟ ಉತ್ತರವನ್ನು ಅವನು ಕೊಡಲು ಸಾಧ್ಯವಿರಲಿಲ್ಲ. "ಇನ್ನೂ ಮಣ್ಣೇ ಮಾಡಿಲ್ವಾ!" ಎಂದು ಕೂಗಿಕೊಂಡು ಹೆಂಗಸರೆಲ್ಲ ಒಳಗೆ ನುಗ್ಗಿದರು. ಎದುರುಮನೆ ನಾಗರತ್ನಳೂ, ಅವಳ ಹಿಂದೆ ಇಡೀ ಬೀದಿಯೂ ಮನೆಗೆ ಓಡಿ ಸೀರೆ ತಂದರು. ಗೋಡೆಗೆ ಒರಗಿ, ಗಲ್ಲ ಕಟ್ಟಿಕೊಂಡು, ರಾತ್ರಿಯೆಲ್ಲ ನೋವಿಗೆ ನಿದ್ದೆಯಿಲ್ಲದೆ ಈಗಷ್ಟೇ ಮಂಪರು ಬಂದಿದ್ದ ಮುದ್ದಮ್ಮನ ಮೇಲೆ ಒಂದಾದ ಮೇಲೊಂದು ಸೀರೆ ಬಿದ್ದವು.

"ಎಂಥಾ ಕೈಯಿ ಕಣಮ್ಮಾ, ಎಷ್ಟ್ ಜನಕ್ಕೆ ಕೌದಿ ಒದುಸ್ತು!" ಎಂದು ನಾಗರತ್ನ ಎದೆ ಬಡಿದುಕೊಂಡಳು.

ಸೀರೆಯ ಗುಡ್ಡ ಅಲುಗಿತು. ಒಳಗಿನಿಂದ ಒಂದು ಕೈ ಹೊರಗೆ ಬಂತು. ಆಮೇಲೆ ಗಲ್ಲ ಕಟ್ಟಿದ ಮುಖ ಬಂತು. ಅದು ಬಾಯಿಗೆ ಕೈ ಹಾಕಿ, ರಕ್ತ ಮೆತ್ತಿದ ಹತ್ತಿಯನ್ನು ಎಳೆದು ಬಿಸಾಕಿ, "ನನ್ ಧಾರೆ ಸೀರೆ ಎಲ್ಲಿ?" ಎಂದಿತು.

ಮುಂದೆ ನಡೆದದ್ದನ್ನು ವಿವರಿಸುವುದು ಕಷ್ಟ. ನಂಜುಂಡ ಟೆಂಪೋದ ಮೇಲೆ ಹತ್ತಿ ನಿಂತಿದ್ದ. ನಾಗರತ್ನ ದೇವರ ಗೂಡಿಗೆ ತಲೆ ತೂರಿಸಿದ್ದಳು. ಕಡೆಗೆ ಮುದ್ದಮ್ಮನೇ ಎದ್ದು ಎಲ್ಲರಿಗೂ ನೀರು ಕೊಟ್ಟ ಮೇಲೆ, ದೆವ್ವ ನೀರು ಕೊಡುವುದಿಲ್ಲವೆಂದು ಜನ ಒಂದು ಮಟ್ಟಕ್ಕೆ ಬಂದರು. ಶಿವರಾಜು ನಡುಮನೆಯಲ್ಲಿ ನಿಂತು ಗೆರೆ, ಗಂಟು, ಕಾಗೆ, ಆಣೆ ಎಲ್ಲವನ್ನೂ ಒಪ್ಪಿಸಿದ. ಮಗಳಿಗೊಂದು ಕೋಣೆ ಮಾಡಿಕೊಡಲು ಹೋಗಿ ಹೀಗಾಯಿತೆಂದ.

"ಬದ್ಕಿರೋಳ್ಗೆ ಎಳ್ ನೀರ್ ಬುಟ್ಯಲ್ಲಾ ಭಾವ!" ಎಂದು ನಂಜುಂಡ ಹಲ್ಲು ಕಡಿದ.

"ಬುಡು ಮಗ" ಎಂದಳು ಬಂದಿದ್ದವರಲ್ಲಿ ಹಿರಿಯಳು. "ಸತ್ರು ಅಂತ ಸುದ್ದಿ ಅಬ್ಬುದ್ರೆ ಆಯಸ್ಸು ಜಾಸ್ತಿ."

ಆಯಸ್ಸು ಜಾಸ್ತಿಯಾಯಿತೋ ಇಲ್ಲವೋ, ಬಟ್ಟೆಯಂತೂ ಜಾಸ್ತಿಯಾಯಿತು. ಹೆಣಕ್ಕೆಂದು ತಂದ ಸೀರೆಯನ್ನು ಯಾರೂ ವಾಪಸ್ಸು ಒಯ್ಯುವ ಹಾಗಿಲ್ಲ. ಎಲ್ಲರೂ ಅಲ್ಲೇ ಬಿಟ್ಟರು. ನೀರಿಗೆ ಬಿಟ್ಟದ್ದು ಒಂದು ಗಂಟು, ಮನೆಗೆ ಬಂದದ್ದು ಒಂದು ಟೆಂಪೋ. ಕೋಣೆ ಸಾಲದೆ ನಡುಮನೆಗೂ ಹರಿಯಿತು. ಶಿವರಾಜು ಒಂದು ಮಾತಾಡಲು ಬಾಯಿ ತೆರೆದ. ಕಾಂಪೌಂಡಿನ ಮೇಲೆ ಕಾಗೆಯೊಂದು ಬಂದು ಕುಳಿತಿತು. ಅವನು ಬಾಯಿ ಮುಚ್ಚಿದ. ಬುಧವಾರ ಮಗಳು ಬರುವುದಿಲ್ಲ, ಮೊಮ್ಮಗು ಇಲ್ಲಿ ಅಳುವುದಿಲ್ಲ ಎಂದು ಗೊತ್ತಾಗಿ ಅವನೇ ಅಳತೊಡಗಿದ.

ಅವನ ಅಳು ಕಂಡು ಹೆಂಗಸರಿಗೆ ಕರುಳು ಚುರುಕ್ಕೆಂದಿತು. "ಲೊಚ್ ಲೊಚ್, ಪಾಪ" ಎಂದಳು ಒಬ್ಬಳು. "ಲೊಚ್ ಲೊಚ್" ಎಂದಳು ಪಕ್ಕದವಳು. ನಡುಮನೆಯ ತುಂಬ ನಾಲಗೆಗಳು ಲೊಚಗುಟ್ಟಿದವು. ಆಗ ಸೂರಿನಿಂದ ಒಂದು ಉತ್ತರ ಬಂತು. ಗಡಿಯಾರದ ಹಿಂದಿನಿಂದ ಇನ್ನೊಂದು. ಕೋಣೆಯೊಳಗಿನಿಂದ, ಅಟ್ಟದಿಂದ, ಬಾಗಿಲ ಸಂದಿಯಿಂದ, ಯಾರೂ ಯಾವತ್ತೂ ಕಾಣದ ಹಲ್ಲಿಗಳೆಲ್ಲ ಒಟ್ಟಿಗೇ ಲೊಚಗುಟ್ಟತೊಡಗಿದವು. ಹೆಂಗಸರು ಸುಮ್ಮನಾದ ಮೇಲೂ ಅವು ನಿಲ್ಲಿಸಲಿಲ್ಲ. ನಡುಮನೆಯ ತುಂಬ ನಶ್ಯದ, ಎಲೆ ಅಡಿಕೆಯ ವಾಸನೆ ಗವ್ವೆಂದು ಬಂತು. ಎಲ್ಲರ ಮೈಮೇಲೂ ರೋಮ ಎದ್ದು ನಿಂತವು.

ಮುದ್ದಮ್ಮ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಒಪ್ಪುದ್ರು" ಎಂದಳು. "ಎಲ್ಲಾರೂ ಒಂದೇ ಸಲಕ್ಕೆ ಒಪ್ಪುದ್ರು! ಏನ್ರವ್ವಾ ನೋಡ್ತಾ ನಿಂತಿದ್ದೀರಿ, ಕತ್ರಿ ತನ್ನಿ!"

ಅಳಲು ಬಂದವರು ಹೊಲಿಯಲು ಕೂತರು. ಅಂಥ ಕೆಲಸವನ್ನು ಆ ಬೀದಿ ಕಂಡಿರಲಿಲ್ಲ. ನಶ್ಯದ ಮುದುಕಿ, ಎಣ್ಣೆಯ ಮುದುಕಿ, ಗೆರೆ ದಾಟಿದ ಪುಟ್ಟತಾಯಮ್ಮ, ಎಲ್ಲರೂ ಕೌದಿಯಾಗಿ ಅವರವರ ಮನೆಗೆ ಹೊರಟರು. ಉಳಿದ ಕೌದಿಗಳನ್ನು ನಂಜುಂಡ ಟೆಂಪೋದಲ್ಲಿ ತುಂಬಿಕೊಂಡು ತವರೂರಿಗೆ ಹಂಚಿದ. ಮಂಗಳವಾರ ಸಾಯಂಕಾಲ ಕೋಣೆಯಲ್ಲಿ ಒಂದು ಕಿಟಕಿ ಕಾಣಿಸಿತು. ಅಲ್ಲೊಂದು ಕಿಟಕಿಯಿದೆಯೆಂದು ಶಿವರಾಜು ಮರೆತೇಹೋಗಿದ್ದ. ಅದನ್ನು ತೆರೆದು ಗಾಳಿಗೆ ಮುಖವೊಡ್ಡಿ ನಿಂತಾಗ ಅವನ ಸಂತೋಷಕ್ಕೆ ಹದ್ದೇ ಇರಲಿಲ್ಲ. ಆಣೆ ಮುರಿಯಲೂ ಇಲ್ಲ, ಒಂದು ಬಟ್ಟೆಯನ್ನೂ ಅವನು ಕೈಯಲ್ಲಿ ಮುಟ್ಟಿರಲಿಲ್ಲ.

ಖಾಲಿ ಕೋಣೆಯ ನಡುವೆ ಮುದ್ದಮ್ಮ ಒಬ್ಬಳೇ ಕೂತು ಮಗುವಿನ ಕೌದಿ ಹೊಲಿಯುತ್ತಿದ್ದಳು. ನಡುವಿನಲ್ಲಿ ಕೆಂಪಂಚಿನ ಒಂದು ತುಂಡು ಹೊಳೆಯುತ್ತಿತ್ತು.

"ಧಾರೆ ಸೀರೆ ಕತ್ತರಿಸ್ಬುಟ್ಯಾ!" ಎಂದ ಶಿವರಾಜು ಗಾಬರಿಯಿಂದ.

"ಇನ್ನೇನ್ ಭಯ? ನೀವೇ ಎಳ್ ನೀರ್ ಬುಟ್ಟು ದಾರಿ ಮಾಡ್ಕೊಟ್ರಲ್ಲ." ಅವಳು ಹಲ್ಲಿಲ್ಲದ ಸಂದಿ ಕಾಣುವ ಹಾಗೆ ನಕ್ಕಳು. "ಅಜ್ಜಿದು ಆಯ್ತು. ಪಕ್ಕದಲ್ಲಿ ತಾತಂದೂ ಒಂದ್ ತುಂಡು ಬೇಕು. ನಿಮ್ಮ ಜರಿ ಪಂಚೆ ತಕ್ಕೊಂಡಿವ್ನಿ."

ನೋಡಿದರೆ ಅವನ ಮದುವೆಯ ಪಂಚೆ ನೆಲದ ಮೇಲೆ ಹಾಸಿತ್ತು. ಅದರ ಮೇಲೆ ಕತ್ತರಿ ಇತ್ತು.

"ಲೇ, ನಾನಿನ್ನೂ ಬದ್ಕಿದ್ದೀನಿ ಕಣೇ!"

"ನಾನೂ ಬದ್ಕೇ ಇದ್ದೆ" ಎಂದಳು ಮುದ್ದಮ್ಮ, ಶಾಂತವಾಗಿ. ಆಮೇಲೆ ಪಂಚೆಯ ಕಡೆ ಬಗ್ಗಿ, "ಕತ್ತರಿಸ್ಲಾ ಸ್ವಾಮಿ?" ಎಂದು ಕೇಳಿ, ಗೋಡೆಯ ಕಡೆಗೆ ತಲೆಯೆತ್ತಿದಳು. ಅಲ್ಲಿ ಆ ಹಳೇ ಜಿಪುಣ ಹಲ್ಲಿ ಬಂದು ಕುಳಿತಿತ್ತು.

"ತಡಿ ತಡಿ, ಅವಸರ ಮಾಡ್ಬೇಡ!" ಶಿವರಾಜು ಹಿಂದಕ್ಕೆ ಸರಿಯುತ್ತ ಬಾಗಿಲ ಬಳಿ ಚಪ್ಪಲಿಗೆ ತಡಕಾಡಿದ. "ನರಸೀಪುರದ ಬಸ್ಸು ಇನ್ನೂ ಅದೆ. ನಾನೂ ಒಂದ್ಸಲ ಓಗಿ, ನಂದೂ ಎಳ್ ನೀರ್ ಬುಟ್ಟು ಬಂದ್ಬುಡ್ತೀನಿ. ಆಮೇಕೆ ಕತ್ತರಿಸುವಂತೆ."

ಒಂದು ಚಪ್ಪಲಿ ಸಿಕ್ಕಿತು. ಇನ್ನೊಂದಕ್ಕೆ ಕಾಲು ಚಾಚುವಷ್ಟರಲ್ಲಿ ಹಲ್ಲಿ ಲೊಚಗುಟ್ಟಿತು.